ನಾಲ್ಕು ದೀಪಗಳ ಸಾಕ್ಷಿ

ಹರಿಹರದ ಪೊಲೀಸ್ ಠಾಣೆಯ ಹಿತ್ತಲಲ್ಲಿ ಹದಿನೈದೋ ಹದಿನಾರೋ ಗಾಡಿಗಳು ಬಿದ್ದಿದ್ದವು. ತುಕ್ಕು ತಿಂದ ಸ್ಕೂಟರು, ಚಕ್ರ ಕಳಚಿದ ಮೊಪೆಡ್ಡು, ಹ್ಯಾಂಡಲ್ ಸೊಟ್ಟಗಾದ ಸೈಕಲ್ಲು. ದಾವಣಗೆರೆಯ ಮೆಕ್ಯಾನಿಕ್ ವೀರೇಶ್ ಅವುಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಬೇವಿನ ಮರದ ಕೆಳಗೆ ಗೋಡೆಗೆ ಒರಗಿಸಿದ್ದ ಕೆಂಪು ಬೈಕಿನ ಮುಂದೆ ನೆಟ್ಟಗೆ ಹೋಗಿ ನಿಂತು, ಹೆಗಲ ಮೇಲಿನ ಸಾಮಾನಿನ ಚೀಲವನ್ನು ಕೆಳಗಿಟ್ಟ.

ಸಬ್ ಇನ್‌ಸ್ಪೆಕ್ಟರ್ ಕಾಂತರಾಜ್ ಹಿಂದೆಯೇ ನಿಧಾನಕ್ಕೆ ಬಂದರು. ಅವರ ಕೈಯಲ್ಲಿ ಹುರಿಗಡಲೆಯ ಪೊಟ್ಟಣವಿತ್ತು. ಒಂದೊಂದೇ ಕಾಳು ಬಾಯಿಗೆ ಹಾಕಿಕೊಳ್ಳುತ್ತ, ವೀರೇಶನ ಬೆನ್ನನ್ನೇ ನೋಡುತ್ತ ನಿಂತರು.

ದಾವಣಗೆರೆ ಮಂಡಿಪೇಟೆಯ ಬೆಲ್ಲದ ವ್ಯಾಪಾರಿ ನಾಗರಾಜಪ್ಪನವರ ಮಗ ಬಕ್ಕೇಶ್ ಈ ಬೈಕಿನ ಮೇಲಿಂದ ಬಿದ್ದು ಸತ್ತು ಇವತ್ತಿಗೆ ಒಂಬತ್ತು ದಿನ.

ಬೈಕಿನ ಹಿಂಭಾಗ ನಜ್ಜುಗುಜ್ಜಾಗಿತ್ತು. ಹಿಂದಿನ ಬಲಗಡೆಯ ಇಂಡಿಕೇಟರ್ ಪುಡಿಪುಡಿ. ಉಳಿದ ಮೂರು ಮಾತ್ರ ಒಂದು ಗೀರೂ ಇಲ್ಲದೆ ಉಳಿದಿದ್ದವು. ಹ್ಯಾಂಡಲ್ಲಿಗೆ ಕಟ್ಟಿದ್ದ ನಿಂಬೆಹಣ್ಣು ಒಣಗಿ ಕಪ್ಪಾಗಿತ್ತು, ಟ್ಯಾಂಕಿನ ಮೇಲಿನ ಕುಂಕುಮ ಇನ್ನೂ ಹಾಗೇ ಇತ್ತು. ಆ ಕುಂಕುಮ ಕಂಡದ್ದೇ ವೀರೇಶ್ ಕಣ್ಣನ್ನು ಬೇರೆ ಕಡೆ ಹೊರಳಿಸಿದ.

"ಕೂಡ್ರಿ," ಎಂದು ಕಾಂತರಾಜ್ ಒಂದು ಕಲ್ಲು ತೋರಿಸಿದರು. "ಲಾರಿ ಡ್ರೈವರ್ ರೌಫ್ ಒಂದು ಕತೆ ಹೇಳ್ಯಾನೆ. ಅದು ಆಗೋ ಮಾತೋ ಅಲ್ಲವೋ, ಕೆಲಸ ಬಲ್ಲವರು ನೀವು ಹೇಳ್ರಿ."

ಆ ಕತೆ ಇಷ್ಟೇ. ಅವತ್ತು ಸಂಜೆ ದಾವಣಗೆರೆಯಿಂದ ಹರಿಹರಕ್ಕೆ ಬರುವ ರಸ್ತೆಯಲ್ಲಿ ಬಕ್ಕೇಶ್ ಮುಂದೆ, ರೌಫನ ಲಾರಿ ಹಿಂದೆ. ಬಲಕ್ಕೆ ಒಂದು ಕವಲು ಬರುತ್ತದೆ. ಅಲ್ಲಿ ಬೈಕಿನ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗಿದವಂತೆ. ನಾಲ್ಕೂ ಹೊಡೆದುಕೊಂಡರೆ ನೇರಕ್ಕೆ ಹೊರಟಿದ್ದಾನೆ ಎಂದು ಲಾರಿಯವರ ಲೆಕ್ಕ. ರೌಫ್ ಹಾರ್ನ್ ಹೊಡೆದು ಬಲಗಡೆಯಿಂದ ಮುಂದಕ್ಕೆ ನುಗ್ಗಿದ. ಬೈಕು ಬಲಕ್ಕೆ ತಿರುಗಿತು. ಮುಂದಿನದು ಎಲ್ಲರಿಗೂ ಗೊತ್ತು.

ಈ ಮಾತು ಕೇಳಿ ಠಾಣೆಯಲ್ಲಿ ನಗದವರಿಲ್ಲ. ಬೈಕಿಗೆಲ್ಲಿಯ ನಾಲ್ಕು ದೀಪದ ಸ್ವಿಚ್ಚು? ಅದು ಇರುವುದು ಕಾರಿಗೆ, ಲಾರಿಗೆ. ಸಾಲದ್ದಕ್ಕೆ ಹದಿನೈದು ದಿನದ ಹಿಂದೆ ಬೆಲ್ಲದ ಲೋಡು ಇಳಿಸಿಕೊಳ್ಳದೆ ಲಾರಿಯನ್ನು ಬೆಳಗಿನಿಂದ ಸಂಜೆತನಕ ನಿಲ್ಲಿಸಿದರೆಂದು ರೌಫ್ ಮಂಡಿಪೇಟೆಯಲ್ಲಿ ಬಕ್ಕೇಶನ ಮೇಲೆ ಹಾರಾಡಿದ್ದ. "ರೋಡಲ್ಲಿ ಸಿಗು, ನೋಡ್ಕೋತೀನಿ" ಎಂದು ಹತ್ತು ಹಮಾಲರ ಎದುರಿಗೇ ಅಂದಿದ್ದ. ಬಾಯಿಯಿಂದ ಜಾರಿದ ಆ ಒಂದು ಮಾತು ಈಗ ಅವನ ಕೊರಳಿಗೆ ಸುತ್ತಿಕೊಂಡಿತ್ತು. ಪೊಲೀಸ್ ಕಸ್ಟಡಿಯ ಗಡುವು ಮುಗಿದು ನಾಳೆ ಅವನನ್ನು ಮತ್ತೆ ಕೋರ್ಟಿಗೆ ಹಾಜರುಪಡಿಸಬೇಕು. ಅಪಘಾತವೆಂದು ಬರೆಯಬೇಕೋ, ಕೊಲೆಯೆಂದು ಬರೆಯಬೇಕೋ ಎಂಬುದು ಕಾಂತರಾಜರ ಪೆನ್ನಿನಲ್ಲಿತ್ತು.

"ಹೇಳ್ರಿ ವೀರೇಶ್. ಬೈಕಿನ ನಾಲ್ಕೂ ದೀಪ ಒಟ್ಟಿಗೆ ಹೊಡೆಯೋದು ಆಗೋ ಮಾತಾ?"

ಇಲ್ಲ ಎಂದುಬಿಟ್ಟರೆ ಮುಗಿಯಿತು. ಒಂದೇ ಒಂದು ಪದ. ಹನ್ನೊಂದು ಗಂಟೆಯ ಬಸ್ಸು ಹಿಡಿದರೆ ಊಟದ ಹೊತ್ತಿಗೆ ಅಂಗಡಿಯಲ್ಲಿರಬಹುದು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅನ್ನುತ್ತಾರೆ. ಆದರೆ ಆ ದೊಣ್ಣೆ ಇನ್ನೊಬ್ಬನ ತಲೆಯ ಮೇಲೆ ಬೀಳುವುದನ್ನು ನೋಡಿಕೊಂಡು ಸಾವಿರ ವರ್ಷ ಬದುಕುವುದು ಹೇಗೆ ಎಂದು ಯಾರೂ ಹೇಳಿಲ್ಲ.

ವೀರೇಶ್ ತಲೆ ಎತ್ತಿದ. ಹಿತ್ತಲಿನ ಗೇಟಿನಾಚೆ, ಬಿಸಿಲಲ್ಲಿ, ಒಬ್ಬ ಹೆಂಗಸು ಊಟದ ಡಬ್ಬಿ ಹಿಡಿದು ನಿಂತಿದ್ದಳು. ರೌಫನ ಹೆಂಡತಿ ರಶೀದಾ. ದಾವಣಗೆರೆಯಿಂದ ದಿನಾ ಬಸ್ಸು ಹತ್ತಿ ಗಂಡನಿಗೆ ಊಟ ತರುತ್ತಾಳೆಂದು ವೀರೇಶನನ್ನು ಒಳಗೆ ಕರೆತಂದ ಪೇದೆ ಹೇಳಿದ್ದ. ಪೇದೆ ಬಾ ಎನ್ನುವವರೆಗೂ ಅವಳು ಗೇಟಿನ ಕಂಬಿಯನ್ನೂ ಮುಟ್ಟುವುದಿಲ್ಲವಂತೆ.

ಒಂಬತ್ತು ದಿನದಿಂದ ವೀರೇಶನಿಗೆ ಅನ್ನ ಗಂಟಲಲ್ಲಿ ಇಳಿದಿರಲಿಲ್ಲ. ಅವಳ ಡಬ್ಬಿ ನೋಡಿದ ಮೇಲೆ ಅವನಿಗೆ ತಡೆಯಲಾಗಲಿಲ್ಲ.

"ಆಗ್ತತೆ ಸಾರ್," ಅಂದ. "ರೌಫ್ ಹೇಳಿದ್ದು ಖರೇ ಐತೆ. ಈ ದೀಪ ಹಾಕಿದ್ದು ನಾನು. ತಪ್ಪು ಮಾಡಿದ್ದೂ ನಾನು."

ಕಾಂತರಾಜ್ ಕಡಲೆ ಅಗಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತೆ," ಅಂದರು. "ಒಂದು ಗಾಡಿ ನೋಡಬೇಕು ಬರ್ರಿ ಅಂತ ನಿನ್ನೆ ಮಧ್ಯಾಹ್ನ ನಮ್ಮ ಇನ್ನೊಬ್ಬ ಪೇದೆ ನಿಮ್ಮಂಗಡಿಗೆ ಬಂದಿದ್ದ. ಯಾವ ಗಾಡಿ, ಏನಾಗೈತೆ ಅಂತ ನೀವು ಕೇಳಲೇ ಇಲ್ಲವಂತೆ. ಅದು ಕೇಳದೇ ಇರೋ ಮೆಕ್ಯಾನಿಕ್ಕನ್ನ ನಾನು ಕಂಡಿಲ್ಲ. ಈಗಲೂ ಅಷ್ಟೇ. ಇಷ್ಟು ಗಾಡಿ ಬಿದ್ದಾವೆ, ನಾನು ತೋರಿಸೋ ಮೊದಲೇ ಇದರ ಮುಂದೆ ಬಂದು ನಿಂತ್ರಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ವೀರೇಶ್ ಹೆಗಲಷ್ಟೇ ಅಲ್ಲ, ಮೈಯನ್ನೆಲ್ಲ ತಡವಿಕೊಂಡು ತೋರಿಸಿದ್ದ. ಆದರೂ ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿದಂತಾಯಿತು. ಕಾಂತರಾಜ್ ತೋರಿಸಿದ್ದ ಕಲ್ಲಿನ ಮೇಲೆ ಕುಕ್ಕರಿಸಿ ಎಲ್ಲವನ್ನೂ ಹೇಳತೊಡಗಿದ.

ಬಕ್ಕೇಶನಿಗೆ ಹೊಸತರ ಹುಚ್ಚು. ಬೆಂಗಳೂರಿನಲ್ಲಿ ಯಾರದೋ ಗಾಡಿಗೆ ಎಲ್‌ಇಡಿ ಇಂಡಿಕೇಟರ್ ನೋಡಿ ಬಂದಿದ್ದ. ಟೇಪ್ ರೆಕಾರ್ಡರಿನಲ್ಲಿ ಮಿಣಮಿಣ ಎನ್ನುತ್ತವಲ್ಲ, ಅಂಥವೇ ಪುಟ್ಟ ದೀಪಗಳು. ಇಡೀ ದಾವಣಗೆರೆಯಲ್ಲಿ ಯಾರ ಗಾಡಿಗೂ ಇಲ್ಲದ್ದು ತನ್ನ ಗಾಡಿಗೆ ಬೇಕೆಂದು ಬೆನ್ನು ಹತ್ತಿದ. ಅಂಗಡಿಯಲ್ಲಿ ಸಿಗುವ ಸಾಮಾನಲ್ಲ ಅದು, ಕೈಯಲ್ಲೇ ಮಾಡಬೇಕು. ವೀರೇಶನಿಗೆ ಗಾಡಿಯ ವೈರಿಂಗ್ ಬಾಯಿಪಾಠ. ದೀಪದ ವಿದ್ಯೆ ಅವನ ತಂಗಿ ರೂಪಶ್ರೀಯದು. ಅವಳು ಎಲೆಕ್ಟ್ರಾನಿಕ್ಸ್ ಓದಿ ವಿದ್ಯಾನಗರದ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಒಂದೊಂದು ಇಂಡಿಕೇಟರಿಗೆ ಹನ್ನೆರಡು ದೀಪ ಕೂಡಿಸಿ ನಾಲ್ಕನ್ನೂ ಬೆಸೆದು ಕೊಟ್ಟವಳು ಅವಳೇ. ಹಳೆಯ ಫ್ಲಾಷರಿಗೆ ಇಷ್ಟು ಸಣ್ಣ ದೀಪ ಮಿನುಗಿಸುವುದು ಗೊತ್ತಾಗುವುದಿಲ್ಲವೆಂದು ಬೇರೆ ಫ್ಲಾಷರನ್ನೂ ಮಾಡಿಕೊಟ್ಟಿದ್ದಳು. ಅದರ ಜೊತೆಗೆ, ಒಂದು ಚೀಟಿಯಲ್ಲಿ ಸುತ್ತಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ, ಜೀರಿಗೆ ಕಾಳಿನಂಥ ಎರಡು ಡಯೋಡ್.

"ಅವು ಎದಕ್ಕ?" ಕಾಂತರಾಜ್ ಕೇಳಿದರು.

"ಮೀಟರಿನಾಗೆ ಒಂದು ಸಣ್ಣ ಬಲ್ಬು ಐತಲ್ಲ ಸಾರ್, ಇಂಡಿಕೇಟರ್ ಹಾಕಿದ್ರೆ ಹತ್ತೋದು. ಅದರ ಒಂದು ಕಾಲು ಎಡದ ವೈರಿಗೆ, ಇನ್ನೊಂದು ಬಲದ ವೈರಿಗೆ. ಬಲಕ್ಕೆ ಹಾಕಿದ್ರೆ ಅದರ ಮೂಲಕ ಎಡಕ್ಕೂ ಒಂಚೂರು ಕರೆಂಟು ಸೋರ್ತತೆ. ಹಳೇ ಬಲ್ಬು ಹೊಟ್ಟೆಬಾಕ, ಅಷ್ಟಕ್ಕೆಲ್ಲ ಹತ್ತಂಗಿಲ್ಲ. ಎಲ್‌ಇಡಿಗೆ ಒಂದು ಅಗುಳು ಸಾಕು, ಹತ್ತಿಬಿಡ್ತತೆ. ಆ ಎರಡು ಕಾಳು ಹಾಕಿ ಬಲ್ಬಿನ ದಾರಿ ಬ್ಯಾರೆ ಮಾಡಿದ್ರೆ ಸೋರಿಕೆ ನಿಲ್ತತೆ. ಇಲ್ಲಾಂದ್ರೆ ಯಾವ ಕಡೆ ಹಾಕಿದ್ರೂ ನಾಲ್ಕೂ ಹೊಡಕೋತಾವೆ."

"ನೀವು ಹಾಕಲಿಲ್ಲ."

"ಹಾಕಲಿಲ್ಲ."

ದೀಪ ಕೂಡಿಸಿದ ದಿನ ಅಮಾವಾಸ್ಯೆ. ಹೊಸ ದೀಪಕ್ಕೆ ರಾಹುಕಾಲ ಹುಟ್ಟುವ ಮೊದಲೇ ಪೂಜೆ ಆಗಬೇಕೆಂದು ಬಕ್ಕೇಶ್ ತುದಿಗಾಲಲ್ಲಿ ನಿಂತಿದ್ದ. ಆ ಗಡಿಬಿಡಿಯಲ್ಲಿ ಚೀಟಿ ಡ್ರಾದಲ್ಲೇ ಉಳಿಯಿತು. ಅಂಗಡಿಯ ಮುಂದೆಯೇ ಊದುಬತ್ತಿ ಹಚ್ಚಿ, ಕಾಯಿ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ತುಳಿಸಿದರು. ಆಮೇಲೆ ಬಕ್ಕೇಶ್ ಖುಷಿಯಿಂದ ಬಲಗಡೆಯ ಸ್ವಿಚ್ಚು ಒತ್ತಿದ. ನಾಲ್ಕೂ ಮಿನುಗಿದವು. ಅವನಿಗೆ ಅದೇ ಹೆಚ್ಚು ಚೆಂದ ಕಂಡಿತು.

ವೀರೇಶನಿಗೆ ತಪ್ಪು ಅಲ್ಲೇ ಗೊತ್ತಾಯಿತು. ಹೆಡ್‌ಲೈಟ್ ಬಿಚ್ಚಿದರೆ ಹತ್ತು ನಿಮಿಷದ ಕೆಲಸ. ಆದರೆ ಪೂಜೆಯಾದ ಗಾಡಿಗೆ ಅವತ್ತಿಡೀ ಕಬ್ಬಿಣ ಮುಟ್ಟಿಸಬಾರದು. ಅವನ ಅಪ್ಪನ ಕಾಲದಿಂದ ಅಂಗಡಿಯಲ್ಲಿ ನಡೆದುಬಂದ ರೂಢಿ ಅದು. ಕುಂಕುಮ ಹಚ್ಚಿದ ಗಾಡಿಗೆ ಸ್ಕ್ರೂಡ್ರೈವರ್ ಹಾಕಿದರೆ ಗಿರಾಕಿಯೂ ಮುನಿಯುತ್ತಾನೆ, ಮನೆಯವರೂ ಮುನಿಯುತ್ತಾರೆ.

"ಇವತ್ತು ಬಿಚ್ಚೋದು ಬ್ಯಾಡ, ನಾಳೆ ಬರ್ರಿ, ಸಣ್ಣ ಕೆಲಸ ಐತೆ ಅಂದೆ ಸಾರ್. ಯಾಕ, ಏನು ಅಂತ ಹೇಳಲಿಲ್ಲ. ರಸ್ತೆ ಮೇಲೆ ಅಪಾಯ ಐತೆ ಅಂತಾನೂ ಹೇಳಲಿಲ್ಲ. ಪೂಜೆ ಮಾಡಿದ ಕೂಡಲೇ ಅಪಶಕುನದ ಮಾತ್ಯಾಕ ಅಂತ ಸುಮ್ಮನಾದೆ." ಅವನು ಟ್ಯಾಂಕಿನ ಮೇಲಿನ ಕುಂಕುಮದ ಕಡೆ ನೋಡಿದ. "ನಾಳೆ ಬರ್ತೀನಿ ಅಂತ ನಕ್ಕೊಂಡು ಹೋದ. ಅವತ್ತೇ ಸಂಜೆ ಹೋಗಿಬಿಟ್ಟ."

ಕಾಂತರಾಜ್ ಪೊಟ್ಟಣವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ. ಅದು ವೀರೇಶನಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಮನೆಯಲ್ಲಿ ಇದನ್ನು ಯಾರಿಗಾದರೂ ಹೇಳಿದ್ದೀರಾ ಎಂದು ಅವರು ಕೇಳಿದರು. ವೀರೇಶ್ ಇಲ್ಲವೆಂದು ತಲೆಯಾಡಿಸಿದ.

ಅದು ಸುಳ್ಳು. ನಾಲ್ಕು ದಿನದ ಹಿಂದೆ, ಊಟದ ತಟ್ಟೆ ಸರಿಸಿ, ಅವನು ರೂಪಶ್ರೀಯ ಮುಂದೆ ಬಾಯಿ ಬಿಟ್ಟಿದ್ದ. ಡಯೋಡ್ ಹಾಕಿದೆನೆಂದು ಅವಳಿಗೆ ಪೂಜೆಯ ದಿನ ಸುಳ್ಳು ಹೇಳಿದ್ದನ್ನೂ ಒಪ್ಪಿಕೊಂಡಿದ್ದ. ಅವಳು ಬೈಯಲಿಲ್ಲ, ಅಳಲಿಲ್ಲ. ಬೈಕು ಯಾವ ಠಾಣೆಯಲ್ಲಿ ನಿಂತಿದೆ ಎಂದಷ್ಟೇ ಕೇಳಿದಳು. ಆಮೇಲೆ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

"ಬಿಚ್ರಿ," ಕಾಂತರಾಜ್ ಅಂದರು. "ನೀವು ಹೇಳಿದ್ದನ್ನ ನನ್ನ ಕಣ್ಣಿಗೆ ತೋರಿಸ್ರಿ. ಕಣ್ಣಿಗೆ ಕಂಡರೆ ನಾಳೆ ಕೋರ್ಟಿನಾಗೆ ಅಪಘಾತ ಅಂತ ಬರೀತೀನಿ. ರೌಫ್ ಜಾಮೀನಿನ ಮೇಲೆ ಮನೆಗೆ ಹೋಗ್ತಾನೆ. ನಿಮ್ಮ ಪಾಲಿಂದು ನೀವು ಉಣ್ಣಬೇಕು, ಅದು ಬ್ಯಾರೆ ಮಾತು."

ಮಾಡಿದ್ದುಣ್ಣೋ ಮಹರಾಯ. ವೀರೇಶ್ ಈಗ ಅದಕ್ಕೆ ತಯಾರಾಗಿದ್ದ. ಪೇದೆ ಜೀಪಿನ ಬ್ಯಾಟರಿ ತಂದಿಟ್ಟ. ವೀರೇಶ್ ಹೆಡ್‌ಲೈಟಿನ ಎರಡು ಸ್ಕ್ರೂ ಸಡಿಲಿಸಿ ಗಾಜನ್ನು ಮುಂದಕ್ಕೆ ಎಳೆದ. ಒಳಗೆ ಅವನದೇ ಕೈಯ ವೈರುಗಳು, ಅವನದೇ ಕಪ್ಪು ಟೇಪು. ಮೀಟರಿಗೆ ಹೋಗುವ ವೈರನ್ನು ಬೆರಳಲ್ಲಿ ಹಿಡಿದು ಹೊರಗೆ ಜಗ್ಗಿದ.

ಅಲ್ಲಿ ಎರಡು ಡಯೋಡ್ ಇದ್ದವು.

ವೀರೇಶ್ ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದ. ಒಂದು ಪುಟ್ಟ ವೈರಿನ ತುಂಡಿಗೆ ಎರಡನ್ನೂ ಅಚ್ಚುಕಟ್ಟಾಗಿ ಬೆಸೆದು, ಎರಡೂ ತುದಿಗೆ ಪಿನ್ನು ಹಾಕಿ, ನಡುವೆ ಸಿಕ್ಕಿಸಿದ್ದರು. ಮನೆಯಲ್ಲೇ ಜೋಡಿಸಿಕೊಂಡು ಬಂದು ಇಲ್ಲಿ ಕೂಡಿಸಿದ ಕೆಲಸ. ನೀರು ಇಳಿಯದಿರಲೆಂದು ಬೆಸುಗೆಯ ಮೇಲೆ ಏನೋ ದಪ್ಪಗೆ ಬಳಿದಿದ್ದರು. ಅವನ ಹೆಬ್ಬೆರಳು ತಾಗಿದ್ದೇ ಅದರ ಮೇಲ್ಪೊರೆ ಒಡೆದು ಒಳಗಿನ ಹಸಿ ಬಣ್ಣ ಅಂಟಿಕೊಂಡಿತು.

ನೇರಳೆ ಬಣ್ಣ. ಉಗುರಿಗೆ ಹಚ್ಚುವ ಬಣ್ಣ.

ರೂಪಶ್ರೀ ಬೆಸುಗೆಗೆ ವಾರ್ನಿಷಿನ ಬದಲು ಅದನ್ನೇ ಬಳಿಯುತ್ತಾಳೆ. ಈ ನೇರಳೆ ಸೀಸೆಯನ್ನು ಅವಳು ಕೊಂಡು ತಂದದ್ದು ಮೊನ್ನೆ. ಈ ಬಣ್ಣ ನಿನಗೆ ಒಪ್ಪುವುದಿಲ್ಲವೆಂದು ಅವನೇ ಅವಳನ್ನು ಛೇಡಿಸಿದ್ದ.

"ಏನಾತು?"

"ಏನಿಲ್ಲ ಸಾರ್." ಅವನು ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಬಣ್ಣ ಹೋಗಲಿಲ್ಲ, ಇನ್ನಷ್ಟು ಹರಡಿತು.

ಕಾಂತರಾಜ್ ತಾವೇ ಬಗ್ಗಿ ಬ್ಯಾಟರಿಯ ವೈರು ಕೂಡಿಸಿ, ಬಲಗಡೆಯ ಸ್ವಿಚ್ಚು ಒತ್ತಿದರು. ಮುಂದಿನ ಬಲಗಡೆಯ ಇಂಡಿಕೇಟರ್ ಮಿನುಗಿತು. ಹಿಂದಿನದು ಒಡೆದಿತ್ತು. ಎಡಗಡೆ ಮುಂದಿನದೂ ಹಿಂದಿನದೂ ಕದಲದೆ ಕತ್ತಲಾಗಿದ್ದವು. ಎಡಕ್ಕೆ ಒತ್ತಿದರು. ಎಡಗಡೆ ಎರಡು ಹತ್ತಿದವು, ಬಲಗಡೆ ಆರಿತು. ಟಿಕ್, ಟಿಕ್ ಎಂದು ಹೊಸ ಫ್ಲಾಷರು ಲಕ್ಷಣವಾಗಿ ಬಡಿದುಕೊಳ್ಳುತ್ತಿತ್ತು. ಇದಕ್ಕಿಂತ ಚೊಕ್ಕ ಕೆಲಸ ದಾವಣಗೆರೆಯಲ್ಲಿ ಯಾರೂ ಮಾಡಿರಲಾರರು.

"ನಾಲ್ಕೂ ಹೊಡೀತಾವೆ ಅಂದ್ರಿ."

ವೀರೇಶ್ ಹೆಬ್ಬೆರಳನ್ನು ಮತ್ತೊಮ್ಮೆ ಪ್ಯಾಂಟಿಗೆ ಉಜ್ಜಿದ.

"ಈ ಗಾಡಿ ನೋಡಿದ ಯಾವ ಜಡ್ಜಾದ್ರೂ ಏನಂತಾನೆ? ರೌಫ್ ಸುಳ್ಳ. ನೀವು ಅವನಿಗಿಂತ ದೊಡ್ಡ ಸುಳ್ಳ."

ವೀರೇಶನ ಮನಸ್ಸು ಎರಡಾಗಿ ಸೀಳಿತು. ತನ್ನ ತಪ್ಪು ಈ ಲೋಕದಿಂದಲೇ ಅಳಿಸಿಹೋಗಿತ್ತು. ತಂಗಿ ಅದನ್ನು ತೊಳೆದು, ಒರೆಸಿ, ಬಣ್ಣ ಹಚ್ಚಿ ಇಟ್ಟಿದ್ದಳು. ಅವನು ಎದ್ದು ಮನೆಗೆ ಹೋಗಬಹುದಿತ್ತು. ಆದರೆ ಅವಳು ಅಳಿಸಿದ್ದು ಬರೀ ಅಣ್ಣನ ತಪ್ಪನ್ನಲ್ಲ. ರೌಫನ ಬಾಯಿಂದ ಬಂದ ಒಂದೇ ಒಂದು ನಿಜವನ್ನೂ ಅಳಿಸಿದ್ದಳು.

ಕಾಂತರಾಜ್ ಸ್ವಿಚ್ಚು ಆರಿಸಿ, ಅಂಗಿಯ ಜೇಬಿನಿಂದ ಒಂದು ಫೋಟೋ ತೆಗೆದು ಟ್ಯಾಂಕಿನ ಮೇಲೆ, ಕುಂಕುಮದ ಪಕ್ಕದಲ್ಲಿ ಇಟ್ಟರು. ಅದೇ ಹೆಡ್‌ಲೈಟು. ಗಾಜು ಹೊರಗೆ ಜೋತುಬಿದ್ದಿದೆ, ವೈರುಗಳು ಒಂದೊಂದೂ ಕಾಣುತ್ತವೆ. ಮೀಟರಿನ ವೈರಿನ ನಡುವೆ ಯಾವ ಕಾಳೂ ಇಲ್ಲ.

"ಅಪಘಾತ ಆದ ಮರುದಿನ, ರೌಫ್ ಮಾತು ನೋಡೋಣಂತ ಬಿಚ್ಚಿಸಿ ತೆಗೆಸಿದ್ದು," ಅಂದರು. "ಅವತ್ತು ನೋಡಿದಾಗ ನನಗೆ ವೈರು ಅಂದ್ರೆ ವೈರು, ಅಷ್ಟೇ. ಈಗ ನೀವು ಎರಡು ಕಾಳು ಅಂದ ಮೇಲೆ ತಿಳೀತು. ನಿಮ್ಮ ಮಾತು ನಿಜ ಐತೆ ವೀರೇಶ್. ಆದ್ರೆ ಫೋಟೋದಾಗೆ ಒಂದು, ಗಾಡಿಯಾಗೆ ಒಂದು ಇದ್ರೆ ನಾಗರಾಜಪ್ಪನವರ ವಕೀಲರು ಪೊಲೀಸರೇ ಕೈಯಾಡಿಸ್ಯಾರೆ ಅಂತಾರೆ, ಎರಡೂ ಸಾಕ್ಷೀನ ಕಿತ್ತು ಬಿಸಾಕ್ತಾರೆ. ರೌಫ್ ಉಳೀಬೇಕು ಅಂದ್ರೆ ಇದನ್ನ ಹಾಕಿದ್ದು ಯಾರು ಅಂತ ಗೊತ್ತಾಗಬೇಕು. ಯಾರು?"

"ನಾನೇ ಸಾರ್."

"ಯಾವಾಗ?"

"ನಿನ್ನೆ. ನಿನ್ನೆ ಮಧ್ಯಾಹ್ನ, ಯಾರೂ ಇಲ್ಲದಾಗ."

ಕಾಂತರಾಜ್ ನಿಟ್ಟುಸಿರು ಬಿಟ್ಟರು. ಅವರ ದನಿ ತಗ್ಗಿತು.

"ನಿನ್ನೆ ಮಧ್ಯಾಹ್ನ ನೀವು ನಿಮ್ಮಂಗಡಿಯಾಗೆ ನಮ್ಮ ಪೇದೆ ಜೊತೆ ಚಾ ಕುಡೀತಿದ್ರಿ. ನಿಮಗೆ ಪೊಲೀಸರೇ ಸಾಕ್ಷಿ. ಮೊನ್ನೆ ಸಂಜೆ ಹಿತ್ತಲಿನ ಗಾಡಿಗಳ ಲೆಕ್ಕ ಬರೆಯುವಾಗ ಈ ಸ್ಕ್ರೂಗಳ ಮೇಲೆ ದೂಳಿತ್ತು, ಇವತ್ತು ಬೆಳಿಗ್ಗೆ ಇರಲಿಲ್ಲ. ಅದರ ನಡುವೆ ಈ ಹಿತ್ತಲಿಗೆ ಹೊರಗಿಂದ ಬಂದವರು ಇಬ್ಬರೇ, ಇಬ್ಬರೂ ಹೆಣ್ಣುಮಕ್ಕಳು. ಒಬ್ಬಾಕಿ ಅಲ್ಲಿ ನಿಂತಾಳೆ." ಪೇದೆಯ ಕಡೆ ತಿರುಗಿ, ಗೇಟಿನಲ್ಲಿದ್ದವಳನ್ನು ಕರೆಯಲು ಹೇಳಿದರು.

ರಶೀದಾ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಬಂದಳು. ತೆಳ್ಳನೆಯ ಹೆಂಗಸು, ಮೂವತ್ತು ದಾಟಿರಲಿಲ್ಲ. ನಿನ್ನೆ ಜೊತೆಗೆ ಬಂದಿದ್ದವಳು ಯಾರು ಎಂದು ಕಾಂತರಾಜ್ ಕೇಳಿದಾಗ ಅವಳು ಹೆದರಲಿಲ್ಲ. ಅವಳ ಮುಖ ಬೆಳಗಿತು.

"ಕಾಲೇಜಿನಾಗೆ ಕೆಲಸ ಮಾಡೋ ಅಕ್ಕ ಸಾರ್. ಹೆಸರು ಕೇಳಲಿಲ್ಲ. ನಮ್ಮ ಮನೆ ಹುಡುಕ್ಕೊಂಡು ಅವರೇ ಬಂದ್ರು. ನಿನ್ನ ಗಂಡ ಹೇಳಿದ್ದು ನಿಜ, ಗಾಡಿ ನೋಡಿದ್ರೆ ನನಗೆ ತಿಳೀತದೆ, ನನ್ನ ಕರಕೊಂಡು ಹೋಗು ಅಂದ್ರು. ಒಂಬತ್ತು ದಿನದಾಗೆ ನಮ್ಮೋರ ಮಾತು ನಿಜ ಅಂದಿದ್ದು ಅವರೊಬ್ಬರೇ. ನಾನೇ ಪೇದೆಯವರ ಕಾಲು ಹಿಡಿದು ಒಳಗೆ ಬಿಡಿಸಿದೆ. ಅವರು ಗಾಡಿ ನೋಡೋತನಕ ನಾನೇ ಗೇಟಿನಾಗೆ ನಿಂತು ಕಾದೆ."

ಪೇದೆ ನೆಲ ನೋಡಿದ.

ರಶೀದಾ ಬಿಚ್ಚಿಟ್ಟ ಹೆಡ್‌ಲೈಟನ್ನು ನೋಡಿದಳು, ಬ್ಯಾಟರಿಯನ್ನು ನೋಡಿದಳು, ವೀರೇಶನನ್ನು ನೋಡಿದಳು. ಆ ಅಕ್ಕ ಹೇಳಿ ಕಳಿಸಿದ ಮನುಷ್ಯ ಇವನೇ ಇರಬೇಕೆಂದು ಅವಳಿಗೆ ಅನಿಸಿದಂತಿತ್ತು. ಅವಳ ಕಣ್ಣು ಅವನ ಕೈಯ ಮೇಲೆ ಬಂದು ನಿಂತಿತು. ಅವನು ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಳ್ಳುವಷ್ಟರಲ್ಲಿ ಹೊತ್ತು ಮೀರಿತ್ತು.

"ಆ ಅಕ್ಕನ ಉಗುರಿಗೂ ಇದೇ ಬಣ್ಣ ಇತ್ತು," ಅಂದಳು. ಅವಳ ದನಿಯಲ್ಲಿ ಸಂಶಯದ ಎಳೆಯೂ ಇರಲಿಲ್ಲ. "ಅಣ್ಣಾ, ನಿಮಗೆ ಅವರು ಗೊತ್ತಾ? ಅವರಿಗೆ ಏನು ಸಿಕ್ತಂತೆ? ನಾಳೆ ನಮ್ಮೋರು ಮನೆಗೆ ಬರ್ತಾರಾ?"

ಕಾಂತರಾಜ್ ಪೆನ್ನಿನ ಮುಚ್ಚಳ ತೆಗೆದು, ಕಾಗದವನ್ನು ಬೈಕಿನ ಸೀಟಿನ ಮೇಲೆ ಹರವಿ, ವೀರೇಶ್ ಬಾಯಿ ತೆರೆಯುವುದನ್ನು ಕಾಯುತ್ತ ನಿಂತರು.